ಮಗಳಿಗೊಂದು ಪತ್ರ: ಮಧ್ಯಾಹ್ನ ಹನ್ನೆರಡರ ಫೋನು

ಸಾಗರ
ಕಾರ್ತಿಕ ಮಾಸ

ಚಿ. ಸೌ. ಪುಟ್ಟಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಹೀಗೆ ಶುರು ಮಾಡಿದ್ದಕ್ಕೆ ನಗಬೇಡ. 38 ವರ್ಷ ಅಂಚೆ ಇಲಾಖೆಯಲ್ಲಿ ಊರವರ ಪತ್ರಗಳಿಗೆಲ್ಲ ಮೊಹರು ಒತ್ತಿದ ನಾನು ಸ್ವಂತ ಮಗಳಿಗೆ ಬರೆದ ಪತ್ರಗಳು ಬೆರಳೆಣಿಕೆಯಷ್ಟೂ ಇಲ್ಲ. ಆದ್ದರಿಂದ ಒಕ್ಕಣೆಯಾದರೂ ಕ್ರಮವಾಗಿರಲಿ ಎಂದುಕೊಂಡೆ.

ಕಳೆದ ಭಾನುವಾರ ಮೆಲ್ಬೋರ್ನಿನಿಂದ ಫೋನು ಮಾಡಿದಾಗ ನೀನು ಹೇಳಿದೆ: "ಅಪ್ಪಾ, ದಿನಾ ಟ್ರಾಮಿನಲ್ಲಿ ಕೂತು ಎರಡು ನಿಮಿಷ ಮಾತಾಡೋದು ಒಂದು ಮಾತಾ? ಡಿಸೆಂಬರಿನಿಂದ ಭಾನುವಾರ ಮಾತ್ರ ಮಾಡ್ತೀನಿ. ಒಂದು ಗಂಟೆ ಆರಾಮಾಗಿ ವಿಡಿಯೋದಲ್ಲಿ ಮಾತಾಡೋಣ." ನಾನು "ಆಯ್ತು ಮಾರಾಯ್ತಿ" ಎಂದುಬಿಟ್ಟೆ. ಫೋನಿನಲ್ಲಿ ನಿನ್ನೊಡನೆ ವಾದಿಸುವ ರೂಢಿ ನನಗಿಲ್ಲ. ಅಂದು ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವುದಕ್ಕೆಂದೇ ಈಗ ಬರೆಯುತ್ತಿದ್ದೇನೆ.

ಮೊನ್ನೆ ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಹುಡುಗ ಮನೆಗೇ ಬಂದು ನನ್ನ ಲೈಫ್ ಸರ್ಟಿಫಿಕೇಟ್ ಮಾಡಿಕೊಟ್ಟ. 2014ರಲ್ಲಿ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆ ಬಂದ ಮೇಲೆ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಕಾಗದ ಹಿಡಿದು ಕೌಂಟರಿನ ಮುಂದೆ ನಿಲ್ಲುವುದು ತಪ್ಪಿದೆ. ನನ್ನ ಬೆರಳುಗಳ ಗೆರೆ ಸವೆದಿದೆಯಂತೆ. ಮೂರು ಸಲ ಒತ್ತಿಸಿದರೂ ಯಂತ್ರ ಒಪ್ಪದೆ, ಕೊನೆಗೆ ಮುಖ ತೋರಿಸಿ, ಕಣ್ಣು ಮಿಟುಕಿಸಿ, ನಾನು ಬದುಕಿರುವುದನ್ನು ಸಾಬೀತುಪಡಿಸಿದೆ. ಸರ್ಕಾರಕ್ಕೆ ಅದು ವರ್ಷಕ್ಕೊಮ್ಮೆ ಗೊತ್ತಾದರೆ ಸಾಕು, ಮಗಳಿಗೆ ವಾರಕ್ಕೊಮ್ಮೆ ಗೊತ್ತಾದರೆ ಸಾಕೇ ಎಂಬ ಯೋಚನೆ ಬಂದದ್ದು ಆ ಹೊತ್ತಿನಲ್ಲಿಯೇ.

ನಿನ್ನ ಅಮ್ಮ ಇರುವವರೆಗೂ ಫೋನು ನನ್ನ ಖಾತೆಯದಾಗಿರಲಿಲ್ಲ. ನೀನು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಾಗ, ರಾತ್ರಿ 11ರ ಮೇಲೆ ದರ ಇಳಿಯುತ್ತದೆಂದು ಎಸ್‌ಟಿಡಿ ಬೂತಿನ ಸಾಲಿನಲ್ಲಿ ನಿಂತು ಮಾಡುತ್ತಿದ್ದ ಕರೆಗಳನ್ನೂ ನಾನು ಎತ್ತಿ, "ತಡಿ, ಅಮ್ಮಂಗೆ ಕೊಡ್ತೀನಿ" ಎಂದು ದಾಟಿಸಿಬಿಡುತ್ತಿದ್ದೆ. ಬೂತಿನ ಮೀಟರಿನಲ್ಲಿ ಕೆಂಪು ಅಂಕಿಗಳು ಓಡುತ್ತಿರುವಾಗ ನನ್ನಂಥವನ ಮೌನಕ್ಕೆ ನೀನೇಕೆ ದುಡ್ಡು ತೆರಬೇಕು ಎಂಬುದು ನಾನು ನನಗೆ ಹೇಳಿಕೊಳ್ಳುತ್ತಿದ್ದ ಸಮಜಾಯಿಷಿ. ನಿಜ ಹೇಳಬೇಕೆಂದರೆ ನಿನ್ನೊಡನೆ ಏನು ಮಾತಾಡಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ. ಫೀಸು, ಬಸ್ಸಿನ ಟಿಕೆಟ್ಟು, ಪರೀಕ್ಷೆಯ ತಾರೀಖು ಇವು ನನ್ನ ಪಾಲಿನ ವಿಷಯಗಳಾಗಿದ್ದವು. ಉಳಿದದ್ದೆಲ್ಲ ಅವಳ ಮೂಲಕ ನನಗೆ ತಲುಪುತ್ತಿತ್ತು. ಅವಳು ಹೋದ ಮೇಲೆ ಮೊದಲ ಕೆಲವು ತಿಂಗಳು ನಮ್ಮ ಮಾತು ಹೇಗಿತ್ತೆಂದು ನಿನಗೆ ನೆನಪಿರಬಹುದು. ಆರಾಮಾ, ಆರಾಮ. ಊಟ ಆಯ್ತಾ, ಆಯ್ತು. ಮಳೆ ಉಂಟಾ, ಉಂಟು. ಇಷ್ಟು ಮುಗಿಯುವುದಕ್ಕೆ ಒಂದು ನಿಮಿಷವೂ ಬೇಕಾಗುತ್ತಿರಲಿಲ್ಲ, ಆಮೇಲೆ ಇಬ್ಬರೂ ಫೋನು ಹಿಡಿದುಕೊಂಡು ಸುಮ್ಮನಿರುತ್ತಿದ್ದೆವು.

ಆ ಮೌನ ಮುರಿದದ್ದು ಒಂದೆಲಗದ ತಂಬುಳಿಯಿಂದ. ಜೀರಿಗೆ, ಕಾಳುಮೆಣಸು, ಸೊಪ್ಪು ಎಲ್ಲವನ್ನೂ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಅಮ್ಮ ಮಾಡುತ್ತಿದ್ದಂತೆಯೇ ಮಾಡಿದ್ದೆ. ಮಜ್ಜಿಗೆ ಬೆರೆಸಿದ ಪಾತ್ರೆಯನ್ನು ಸಾರಿನಂತೆ ಒಲೆಯ ಮೇಲಿಟ್ಟು ಕುದಿಸಿದ್ದೊಂದೇ ತಪ್ಪು. ಅದು ಒಡೆದು ಮೇಲೆ ಹಸಿರು ನೀರು, ಕೆಳಗೆ ಬಿಳಿಯ ಹಿಟ್ಟಿನಂತೆ ನಿಂತಿದ್ದಾಗ ನಿನ್ನ ಫೋನು ಬಂತು. "ಅಪ್ಪಾ, ತಂಬುಳಿ ಯಾರಾದ್ರೂ ಕುದಿಸ್ತಾರಾ?" ಎಂದು ನೀನು ನಕ್ಕ ನಗು ನಾಲ್ಕು ತಿಂಗಳ ನಂತರ ಕೇಳಿದ ಮೊದಲ ನಗು. ಮಾರನೆಯ ದಿನ ನೀನಾಗಿಯೇ "ಇವತ್ತು ಎಂತ ಸಾರು?" ಎಂದು ಕೇಳಿದೆ. ಅಂದಿನಿಂದ ಇಂದಿನವರೆಗೆ ಆ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ ಎಂಬ ಕಾರಣಕ್ಕಾದರೂ ನಾನು ನಿತ್ಯ ಏನಾದರೊಂದು ಅಡಿಗೆ ಮಾಡುತ್ತಿದ್ದೇನೆ. ಇಲ್ಲದಿದ್ದರೆ ಅನ್ನ, ಮಜ್ಜಿಗೆ, ಮಿಡಿ ಉಪ್ಪಿನಕಾಯಿಯಲ್ಲಿ ಮುಗಿಸುವ ಗಿರಾಕಿ ನಾನೆಂಬುದು ನಿನಗೆ ಗೊತ್ತು.

ಭಾನುವಾರದ ಒಂದು ಗಂಟೆಯಲ್ಲಿ ಇದು ಸಾಧ್ಯವಿಲ್ಲ. ವಾರಕ್ಕೊಮ್ಮೆ ಮಾತಾಡುವವನು ವರದಿ ಒಪ್ಪಿಸುತ್ತಾನೆ, ಆ ವರದಿಯಲ್ಲಿ ದೊಡ್ಡ ಸಂಗತಿಗಳಿಗೆ ಮಾತ್ರ ಜಾಗವಿರುತ್ತದೆ. ಬುಧವಾರ ಬಚ್ಚಲೊಲೆಯ ಪಕ್ಕದಲ್ಲಿ ಬೆಕ್ಕು ಮೂರು ಮರಿ ಹಾಕಿದ್ದು ಬುಧವಾರದ ಸುದ್ದಿ. ಭಾನುವಾರದ ಹೊತ್ತಿಗೆ ಅದನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಹುಡುಗರು ಮನೆಗೆ ಮನಿಆರ್ಡರ್ ಕಳಿಸುತ್ತಿದ್ದರು. ಫಾರಮಿನ ಕೆಳತುದಿಯಲ್ಲಿ ಎರಡು ಸಾಲು ಬರೆಯುವಷ್ಟು ಜಾಗವಿರುತ್ತಿತ್ತು. ಓದು ಬಾರದ ತಾಯಂದಿರು ಹಣ ಎಣಿಸಿಕೊಳ್ಳುವುದಕ್ಕೆ ಮೊದಲು ಆ ಚೀಟಿಯನ್ನು ನನ್ನಿಂದ ಓದಿಸಿಕೊಳ್ಳುತ್ತಿದ್ದರು. "ಇಲ್ಲಿ ಸೆಖೆ ಜಾಸ್ತಿ. ಹೊಸ ಚಪ್ಪಲಿ ತೆಗೆದುಕೊಂಡೆ." ಇದರಲ್ಲೇನಿದೆ ಎಂದು ಆಗ ನನಗನ್ನಿಸುತ್ತಿತ್ತು. ಆದರೆ ಅವರು ಇನ್ನೊಮ್ಮೆ ಓದಿ ಎನ್ನುತ್ತಿದ್ದರು, ಚಪ್ಪಲಿಯ ಸಾಲನ್ನು ಮಾತ್ರ.

ಇದೇ ಇಲಾಖೆಯಲ್ಲಿ ನಾನು ಕಂಡ ಇನ್ನೊಂದು ಸಂಗತಿ ತಂತಿಯದು, ಅಂದರೆ ಟೆಲಿಗ್ರಾಮಿನದು. ತಂತಿ ಬಂತೆಂದರೆ ಒಡೆಯುವುದಕ್ಕೆ ಮೊದಲೇ ಮನೆಯಲ್ಲಿ ಗೋಳು ಶುರುವಾಗುತ್ತಿತ್ತು; ಒಳಗೆ ಗಂಡುಮಗು ಹುಟ್ಟಿದ ಸುದ್ದಿಯಿದ್ದರೂ ಸರಿಯೇ. ದೊಡ್ಡ ಸುದ್ದಿಗೆ ಮಾತ್ರ ಬಳಕೆಯಾಗುವ ದಾರಿಯಲ್ಲಿ ಏನು ಬಂದರೂ ಭಯವೇ. 2013ರ ಜುಲೈ 15ರಿಂದ ತಂತಿ ಸೇವೆ ನಿಂತಾಗ ಪತ್ರಿಕೆಗಳಲ್ಲಿ ತುಂಬ ಕರುಣಾಜನಕವಾಗಿ ಬರೆದಿದ್ದರು, ಅದೇ ವರ್ಷ ನಿವೃತ್ತನಾದ ನನಗೇನೂ ದುಃಖವಾಗಲಿಲ್ಲ. ಈಗ ನೀನು ಭಾನುವಾರ ಮಾತ್ರ ಫೋನು ಮಾಡುವುದೆಂದಾದರೆ, ಮಂಗಳವಾರ ಆಸ್ಟ್ರೇಲಿಯಾದ ನಂಬರು ಕಂಡೊಡನೆ ನನ್ನ ಎದೆ ಧಸಕ್ಕೆನ್ನುತ್ತದೆ. ಬುಧವಾರ ನಾನು ಕರೆದರೆ ನಿನ್ನ ಕೈಯಲ್ಲಿದ್ದ ಪಾತ್ರೆ ಕೆಳಗೆ ಬೀಳುತ್ತದೆ. ಬಿಟ್ಟುಹೋದ ತಂತಿಯನ್ನು ನಾವಿಬ್ಬರೂ ಸೇರಿ ಮನೆಯೊಳಗೆ ತಂದುಕೊಂಡಂತಾಗುತ್ತದೆ.

ಆಗಸ್ಟಿನಲ್ಲಿ ನಡೆದದ್ದನ್ನು ನೀನು ಮರೆತಿರಲಾರೆ. ಆ ದಿನ ನಾನು ನಿನ್ನನ್ನು ಊಟ ಆಯ್ತಾ ಎಂದು ಮೂರು ಸಲ ಕೇಳಿದೆನಂತೆ, ಶುಕ್ರವಾರವನ್ನು ಮಂಗಳವಾರವೆಂದೆನಂತೆ; ನನಗೆ ಅದರ ಅರಿವೇ ಇರಲಿಲ್ಲ, ಸ್ವಲ್ಪ ಸುಸ್ತು ಎಂದಷ್ಟೇ ಇತ್ತು. ನೀನು ಫೋನಿಟ್ಟವಳೇ ಪಕ್ಕದ ಮನೆಯವರಿಗೆ ಮಾಡಿದೆ, ಅವರು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ಬಿ.ಪಿ.ಗೆಂದು ತೆಗೆದುಕೊಳ್ಳುತ್ತಿದ್ದ ಮಾತ್ರೆಯೊಂದರಿಂದ ರಕ್ತದಲ್ಲಿ ಸೋಡಿಯಂ ಇಳಿದಿತ್ತು. ವಯಸ್ಸಾದವರಲ್ಲಿ ಇದು ಅಪರೂಪವಲ್ಲವೆಂದೂ, ಸುಸ್ತಿನಿಂದ ಶುರುವಾಗಿ ಮಾತು ತೊದಲಿ ಎಚ್ಚರ ತಪ್ಪುವವರೆಗೂ ಹೋಗಬಹುದೆಂದೂ ವೈದ್ಯರು ಹೇಳಿದರು. ಮಾತ್ರೆ ಬದಲಾಯಿತು, ಮೂರು ದಿನದಲ್ಲಿ ಮನೆಗೆ ಬಂದೆ. ನಿನ್ನೆಯ ಧ್ವನಿ ಕಿವಿಯಲ್ಲಿದ್ದವಳಿಗೆ ಮಾತ್ರ ಇವತ್ತಿನ ಧ್ವನಿ ಬೇರೆಯೆಂದು ಗೊತ್ತಾಗುತ್ತದೆ. ಭಾನುವಾರಕ್ಕಾದರೆ ನಾನು ಅಂಗಿ ಬದಲಿಸಿ, ಕ್ರಾಪು ತೆಗೆದು, ಒಂದು ಗಂಟೆಗೆ ಬೇಕಾದ ಶಕ್ತಿಯನ್ನು ಹೇಗೋ ಒಟ್ಟುಮಾಡಿಕೊಂಡು ಕ್ಯಾಮೆರಾದ ಮುಂದೆ ಕೂರುತ್ತೇನೆ. ದಿನದ ಎರಡು ನಿಮಿಷದಲ್ಲಿ ನಟಿಸುವುದಕ್ಕೆ ಪುರುಸೊತ್ತು ಎಲ್ಲಿದೆ?

ಮೋಸಗಾರರ ವಿಷಯವೂ ಇದೆ, ಚುಟುಕಾಗಿ ಹೇಳಿಬಿಡುತ್ತೇನೆ. ನಿನ್ನ ಹೆಸರಿನ ಪಾರ್ಸೆಲಿನಲ್ಲಿ ಏನೋ ಸಿಕ್ಕಿದೆ, ನಿನ್ನನ್ನು ಹಿಡಿದಿಟ್ಟಿದ್ದಾರೆ, ಯಾರಿಗೂ ಹೇಳದೆ ಹಣ ಕಳಿಸಿ ಎಂದು ಒಬ್ಬ ಹಿಂದಿಯಲ್ಲಿ ಗದರಿಸಿದಾಗ ನೀನು ಟ್ರಾಮಿನಿಂದ ಇಳಿದು ಹತ್ತು ನಿಮಿಷವೂ ಆಗಿರಲಿಲ್ಲ. ತರಕಾರಿ ತೆಗೆದುಕೊಂಡು ಮನೆಗೆ ಹೋಗುತ್ತೇನೆಂದವಳನ್ನು ಅಷ್ಟರಲ್ಲಿ ಹಿಡಿದವರು ಯಾರು ಎಂದು ನನಗೆ ನಗು ಬಂತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ ಆ ನಂಬರನ್ನು ಬರೆಸಿದೆ. ಆರು ದಿನ ನಿನ್ನ ಧ್ವನಿ ಕೇಳದೆ ಇದ್ದಿದ್ದರೆ ನಗುತ್ತಿದ್ದೆನೇ ಎಂಬುದು ಬೇರೆ ಮಾತು.

ನಿನ್ನ ಅತ್ತೆಯನ್ನು ನೋಡು. ಅಕ್ಕನಿಗೆ 84 ವರ್ಷ. ಫೋನಿನ ಗಂಟೆ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಸಂಜೆ 7ಕ್ಕೆ ನಾನು ಮಾಡುತ್ತೇನೆ. ಅವಳು ಎತ್ತಿ, ನನಗೆ ಬಾಯಿ ತೆರೆಯಲೂ ಬಿಡದೆ, "ಊಟ ಆಯ್ತು, ಆರಾಮಿದ್ದೇನೆ, ಇಡ್ತೀನಿ" ಎಂದು ಇಟ್ಟುಬಿಡುತ್ತಾಳೆ. ಸಂಜೆ ಏಳಕ್ಕೆ ಅವಳದು ಯಾವ ಊಟವೋ ನಾನರಿಯೆ. ಒಳ್ಳೆಯ ಸಂಬಂಧಗಳಿದ್ದವರು ಮುಪ್ಪಿನಲ್ಲಿ ಹೆಚ್ಚು ಆರೋಗ್ಯವಾಗಿರುತ್ತಾರೆಂದು 1938ರಿಂದ ನಡೆಯುತ್ತಿರುವ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಯನ ಹೇಳುತ್ತದೆಯಂತೆ. ಅಕ್ಕನಿಗೆ ಅದನ್ನು ಚೀಟಿಯಲ್ಲಿ ಬರೆದು ತೋರಿಸಿದರೆ, ಇಷ್ಟು ತಿಳಿಯಲು ಅವರಿಗೆ ಅಷ್ಟು ವರ್ಷ ಬೇಕಾಯಿತೇ ಎಂದು ಕೇಳಿಯಾಳು. ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ನಿನ್ನ ಚಿಕ್ಕಪ್ಪ ಬೆಳಿಗ್ಗೆ ಐದೂವರೆಗೆ ಹಾಕುವ ಗುಲಾಬಿ ಹೂವಿನ ಶುಭೋದಯವನ್ನು ನಾನೂ ಬೈಯುತ್ತಿದ್ದೆ. ಈಗ ಅದನ್ನು ಹಾಜರಿ ಪುಸ್ತಕವೆಂದು ತಿಳಿದಿದ್ದೇನೆ. ಹೂವು ಬಾರದ ದಿನ ಎಂಟು ಗಂಟೆಯೊಳಗೆ ಮೂವರು ಅವನಿಗೆ ಫೋನು ಮಾಡಿರುತ್ತಾರೆ.

ನಿನ್ನ ಕಷ್ಟ ನನಗೆ ಅರ್ಥವಾಗುವುದಿಲ್ಲವೆಂದಲ್ಲ. ಕೆಲಸ, ಮನೆ, ಬೆಳೆಯುತ್ತಿರುವ ಹುಡುಗ, ಇವುಗಳ ನಡುವೆ ಉಸಿರಾಡುವುದಕ್ಕೆ ಸಿಗುವ ಬಿಡುವು ಆ ಟ್ರಾಮಿನ ಹೊತ್ತೊಂದೇ. ಅದನ್ನೂ ಅಪ್ಪ ಬೇಡುತ್ತಾನೆಂದರೆ ಬೇಸರವಾಗುವುದು ಸಹಜ. ಆದ್ದರಿಂದ ಇದನ್ನು ವ್ರತವೆಂದು ಭಾವಿಸಬೇಡ. ಆಗದ ದಿನ ಬಿಡು, ಮಾರನೆಯ ದಿನ ಕ್ಷಮೆ ಕೇಳಬೇಡ, ಏಕೆ ಮಾಡಲಿಲ್ಲವೆಂದು ನಾನೂ ಕೇಳುವುದಿಲ್ಲ. ಕಿಟಕಿಯಿಂದ ಕಾಣುವ ರಸ್ತೆಯದೊಂದು ಫೋಟೋ ಕಳಿಸಿದರೂ ಆ ದಿನದ ಲೆಕ್ಕಕ್ಕೆ ಸಾಕು. ನಿನ್ನ ಮಗ ಈ ವಿಷಯದಲ್ಲಿ ನಿನಗಿಂತ ಜಾಣ: "ಅಜ್ಜ, ಇವತ್ತಿನ ಪದ?" ಎಂದು ಎರಡು ಮಾತು ಕಳಿಸುತ್ತಾನೆ, ನಾನೊಂದು ಕನ್ನಡ ಪದ ಕಳಿಸುತ್ತೇನೆ. ನಿನ್ನೆ ಪಕ್ಕದ ಮನೆಯ ಅಂಗಳದಲ್ಲಿ ಅಡಿಕೆ ಬೇಯಿಸುತ್ತಿದ್ದ ವಾಸನೆ ಬರುತ್ತಿತ್ತಾದ್ದರಿಂದ "ಚೊಗರು" ಎಂದು ಕಳಿಸಿದೆ, ಅಡಿಕೆ ಬೇಯಿಸಿದ ಒಗರು ನೀರು. ಅವನು ಅದನ್ನು "ಶುಗರು" ಎಂದು ಓದಿ ಧ್ವನಿ ಕಳಿಸಿ, ಸಿಹಿಯಾಗಿರುತ್ತದೆಯೇ ಎಂದು ವಿಚಾರಿಸಿದ್ದಾನೆ.

ಭಾನುವಾರದ ಮಾತೂ ಇರಲಿ, ಬೇಡವೆನ್ನುವಷ್ಟು ದಡ್ಡ ನಾನಲ್ಲ. ಆದರೆ ಅಕ್ಟೋಬರಿನ ಮೊದಲ ಭಾನುವಾರ ಮೆಲ್ಬೋರ್ನಿನ ಗಡಿಯಾರಗಳು ಒಂದು ಗಂಟೆ ಮುಂದೆ ಹೋದವೆಂದು ನಾನು ನನ್ನ ಅಡಿಗೆಯನ್ನು ಒಂದು ಗಂಟೆ ಹಿಂದಕ್ಕೆ ತಂದುಕೊಂಡವನು. ಒಂದು ಗಂಟೆಗೆ ಬರುತ್ತಿದ್ದ ಫೋನು ಹನ್ನೆರಡಕ್ಕೇ ಬರುತ್ತದೆ, ಅಷ್ಟರೊಳಗೆ ಸಾರು ಇಳಿದಿರಬೇಕು. ಇಷ್ಟು ಹೊಂದಿಕೊಂಡ ಮೇಲೆ ಹನ್ನೆರಡಕ್ಕೆ ಫೋನು ಬಾರದಿದ್ದರೆ ಆ ಸಾರನ್ನು ಯಾರಿಗೆ ಹೇಳಲಿ?

ತುಳಸಿ ಹಬ್ಬಕ್ಕೆಂದು ತಂದುಕೊಟ್ಟವರು ನೆಲ್ಲಿಯ ಕೊಂಬೆಗಳ ಜೊತೆಗೆ ಒಂದು ಚೀಲ ಬೆಟ್ಟದ ನೆಲ್ಲಿಕಾಯನ್ನೂ ಇಟ್ಟುಹೋಗಿದ್ದಾರೆ. ಅಮ್ಮ ಅದನ್ನು ಉಪ್ಪುನೀರಿಗೆ ಹಾಕುವಾಗ ನೀರು ಕುದಿಸಿ ಆರಿಸುತ್ತಿದ್ದಳೋ, ತಣ್ಣೀರನ್ನೇ ಹಾಕುತ್ತಿದ್ದಳೋ ನನಗೆ ನೆನಪಿಲ್ಲ. ಈ ಪತ್ರ ನಿನ್ನ ಕೈಸೇರುವಷ್ಟರಲ್ಲಿ ಕಾಯಿ ಕೊಳೆತಿರುತ್ತದೆ. ಅದನ್ನು ನಾಳೆ ಹನ್ನೆರಡಕ್ಕೆ ಕೇಳುತ್ತೇನೆ.

ಇಂತಿ ನಿನ್ನ,
ಅಪ್ಪ