65 ಎಂದರೆ ಎಲ್ಲ ಯಂತ್ರಗಳಲ್ಲೂ ‘ಎ’ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಮನೆ ಕಂಪ್ಯೂಟರ್‌ಗಳ ಬಗ್ಗೆ ಬಂದ ಲೇಖನವನ್ನು ಸಂತೋಷದಿಂದ ಓದಿದೆ. ಆದರೆ ಪರದೆಯ ಮೆಮೊರಿಗೆ ನೇರವಾಗಿ ಬರೆಯುವುದಕ್ಕೆ ಉದಾಹರಣೆಯಾಗಿ ಕೊಟ್ಟ ‘ಪೋಕ್ 1024, 65’ (1024ನೇ ವಿಳಾಸದಲ್ಲಿ 65 ಎಂಬ ಸಂಖ್ಯೆಯನ್ನು ಇಡು) ಎಂಬ ಆದೇಶ ಕಮೊಡೋರ್ 64ರಲ್ಲಿ ಇಂಗ್ಲಿಷಿನ ‘ಎ’ ಅಕ್ಷರವನ್ನು ಮೂಡಿಸುತ್ತದೆ ಎಂದಿರುವುದು ಸರಿಯಲ್ಲ.

1982ರ ಆ ಯಂತ್ರದಲ್ಲಿ 40 ಕಾಲಮ್, 25 ಸಾಲುಗಳ ಪರದೆಯ ಸಾವಿರ ಮನೆಗಳು 1024ನೇ ವಿಳಾಸದಿಂದ ಆರಂಭವಾಗುತ್ತವೆ ಎಂಬುದು ನಿಜ. ಆದರೆ ಅಲ್ಲಿ ತುಂಬಬೇಕಾದದ್ದು ಆಸ್ಕಿ (ಅಕ್ಷರಗಳಿಗೆ ಕಂಪ್ಯೂಟರ್‌ಗಳು ಸಾಮಾನ್ಯವಾಗಿ ಬಳಸುವ ಸಂಕೇತ, ಅದರಲ್ಲಿ ‘ಎ’ಗೆ 65) ಸಂಖ್ಯೆಯಲ್ಲ, ಆ ಯಂತ್ರದ್ದೇ ಆದ ಪರದೆ ಸಂಕೇತ. ಅದರಲ್ಲಿ ‘ಎ’ಗೆ 1, 65 ಕೊಟ್ಟರೆ ಕಾಣುವುದು ಇಸ್ಪೀಟೆಲೆಯ ಸ್ಪೇಡ್ ಗುರುತು! ಬಣ್ಣಕ್ಕೆ 55296ರಿಂದ ಬೇರೆಯೇ ಮೆಮೊರಿ ಇದ್ದು, ಅದನ್ನು ಮರೆತರೆ ಕೆಲವು ಯಂತ್ರಗಳಲ್ಲಿ ಅಕ್ಷರ ಹಿನ್ನೆಲೆಯ ಬಣ್ಣದಲ್ಲೇ ಕರಗಿಹೋಗುತ್ತಿತ್ತು.

ಅದೇ ವರ್ಷದ ಇನ್ನೊಂದು ಮನೆ ಕಂಪ್ಯೂಟರ್ ಸ್ಪೆಕ್ಟ್ರಮ್‌ನ ಪರದೆಯ ಮೆಮೊರಿಯಲ್ಲಂತೂ ಅಕ್ಷರಗಳಿಗೆ ಜಾಗವೇ ಇಲ್ಲ. 16384ರಿಂದ ಮುಂದಿನ 6144 ಬೈಟ್‌ಗಳಲ್ಲಿ ಇರುವುದು ಬರೀ ಚುಕ್ಕೆಗಳು. ಅಲ್ಲಿ 65 ಬರೆದರೆ ಐದು ಚುಕ್ಕೆಗಳಷ್ಟು ಅಂತರದಲ್ಲಿ ಎರಡು ಚುಕ್ಕೆ ಮೂಡುತ್ತವೆ, ಅಷ್ಟೇ. ಒಂದು ಅಕ್ಷರಕ್ಕೆ ಎಂಟು ಬೈಟ್ ಬೇಕು, ಅವೂ ಒಂದರ ಪಕ್ಕ ಒಂದಿಲ್ಲದೆ 256 ವಿಳಾಸಗಳಿಗೊಂದರಂತೆ ದೂರದೂರ ಕೂತಿರುತ್ತವೆ. ಕ್ಯಾಸೆಟ್‌ನಿಂದ ಚಿತ್ರ ಇಳಿಯುವಾಗ ಗೆರೆಗಳು ಬಿಟ್ಟು ಬಿಟ್ಟು ತುಂಬುತ್ತಿದ್ದುದು ಇದೇ ಕಾರಣಕ್ಕೆ. (ತಾಳ್ಮೆಯಿದ್ದವರು ಹೀಗೆಯೇ ಕನ್ನಡದ ‘ಅ’ವನ್ನೂ ಬರೆಯಬಹುದಿತ್ತು, ಒತ್ತಕ್ಷರಕ್ಕೆ ಮಾತ್ರ ಎಂಟು ಚುಕ್ಕೆಯ ಎತ್ತರ ಸಾಲುತ್ತಿರಲಿಲ್ಲ.)

ಲೇಖಕರ ಮನಸ್ಸಿನಲ್ಲಿದ್ದದ್ದು ಬಹುಶಃ 1984–85ರ ಕ್ಲಾಸ್ ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಇರಬೇಕು. ಅದರ ‘ಮೋಡ್ 7’ ಎಂಬ ಪರದೆ ವಿಧಾನದಲ್ಲಿ 31744ನೇ ವಿಳಾಸಕ್ಕೆ 65 ಬರೆದರೆ ಎಡಮೇಲಿನ ಮೂಲೆಯಲ್ಲಿ ‘ಎ’ ನಿಜಕ್ಕೂ ಬರುತ್ತದೆ, ಆದರೆ ಪರದೆ ಒಮ್ಮೆ ಮೇಲೆ ಸರಿಯುವವರೆಗೆ ಮಾತ್ರ. ಸರಿಸುವಾಗ ಆ ಯಂತ್ರ ಅಕ್ಷರಗಳನ್ನು ಎತ್ತಿಡದೆ, ಪರದೆ ಆರಂಭವಾಗುವ ವಿಳಾಸವನ್ನೇ 40ರಷ್ಟು ಮುಂದಕ್ಕೆ ಹಾಕುತ್ತದೆ. ಆಮೇಲೆ ಅದೇ 31744 ಕೊನೆಯ ಸಾಲಿನ ನಡುವೆ ಬಂದು ಕೂರುತ್ತದೆ. “ಸರ್, ಅಕ್ಷರ ಕೆಳಗೆ ಹೋಗ್ಬಿಟ್ಟಿದೆ” ಎಂದು ಹುಡುಗನೊಬ್ಬ ಕರೆದ ದಿನ ಇದನ್ನು ವಿವರಿಸಲು ನನಗೆ ಎರಡು ಪೀರಿಯಡ್ ಬೇಕಾಯಿತು.

ಲೇಖನ ಓದಿ ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ) ಪ್ರಯತ್ನಿಸುವ ಮಕ್ಕಳು ಸ್ಪೇಡ್ ಗುರುತು ಕಂಡು ತಪ್ಪು ತಮ್ಮದೆಂದು ತಿಳಿಯದಂತೆ, ಆದೇಶವನ್ನು ‘ಪೋಕ್ 1024, 1’ ಎಂದು ತಿದ್ದಿ ಪ್ರಕಟಿಸಬೇಕಾಗಿ ವಿನಂತಿ.

– ನಿವೃತ್ತ ಪ್ರೌಢಶಾಲಾ ಶಿಕ್ಷಕ, ಮೈಸೂರು