ಡಿಸೆಂಬರ್‌ನಲ್ಲಿ ಕೂತು ವರ್ಷಕ್ಕೆ ಅಂಕ ಹಾಕಬೇಡ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ವರ್ಷಾಂತ್ಯದ ಬರಹ ಓದಿದೆ. 'ಸುಮ್ಮನೆ ಓದಮ್ಮ, ಏನೂ ಹೇಳಬೇಡ' ಅಂತ ಮೇಲೆಯೇ ಬರೆದಿದ್ದೀಯ. ಏನೂ ಹೇಳಬಾರದು ಅಂತಿದ್ದರೆ ಅಮ್ಮನಿಗೆ ಕಳಿಸಬಾರದಿತ್ತು.

ಬರೆದಿರುವುದು ಚೆನ್ನಾಗಿದೆ. ತೀರ್ಪು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬಡ್ತಿ ಸಿಗಲಿಲ್ಲ, ನಿನ್ನ ಜೊತೆಗೇ ಸೇರಿದವನಿಗೆ ಸಿಕ್ಕಿತು. ದುಡ್ಡು ಕಟ್ಟಿದ ಕೋರ್ಸು ಅರ್ಧಕ್ಕೆ ನಿಂತಿತು. ಆರು ತಿಂಗಳು ಮೈಮುರಿದು ದುಡಿದ ಪ್ರಾಜೆಕ್ಟನ್ನು ಕಂಪನಿ ಮುಚ್ಚಿತು. ಗೆಳತಿಯರು ದೂರವಾದರು. ಇಷ್ಟೆಲ್ಲ ಬರೆದು ಕೊನೆಗೆ ಒಂದು ಗೆರೆ ಎಳೆದಿದ್ದೀಯ: 'ಒಟ್ಟಿನಲ್ಲಿ ಈ ವರ್ಷ ದಂಡ.' ನಾನು ಕೆಲಸ ಮಾಡಿದ್ದೆಲ್ಲ ಲೆಕ್ಕಪತ್ರ ವಿಭಾಗದಲ್ಲಿ ಅಲ್ಲವಾ. ಕೆಳಗಿನ ಮೊತ್ತ ನೋಡಿ ನಂಬುವವಳಲ್ಲ ನಾನು. ವೋಚರ್ ಎಲ್ಲಿ ಅಂತ ಕೇಳುತ್ತೇನೆ.

ಮೊದಲು ಈ ಬರಹದ ದಿನಾಂಕ ನೋಡು. ಅಪ್ರೈಸಲ್ ಫಲಿತಾಂಶ ಬಂದ ವಾರವೇ ಬರೆದಿದ್ದೀಯ. ಆ ವಾರದ ಕಣ್ಣಿನಿಂದ ನೋಡಿದರೆ ಜನವರಿಯೂ ಕಪ್ಪಗೇ ಕಾಣುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಅವರ ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಜನರಿಗೆ ಒಂದು ಸಲ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಡಲು ಹೇಳಿದರು. ಇನ್ನೊಂದು ಸಲ ಅದೇ 60 ಸೆಕೆಂಡು, ಅದರ ಮೇಲೆ ಇನ್ನೂ 30 ಸೆಕೆಂಡು. ಆ ಕೊನೆಯ 30 ಸೆಕೆಂಡಿನಲ್ಲಿ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸಿದರು. ಆಗಲೂ ಅದು ಕೊರೆಯುವ ನೀರೇ. 'ಯಾವುದನ್ನು ಮತ್ತೆ ಮಾಡುತ್ತೀರಿ?' ಅಂತ ಕೇಳಿದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು. ಒಟ್ಟು ನೋವು ಅದರಲ್ಲೇ ಜಾಸ್ತಿ, ಆದರೆ ಕೊನೆ ಸ್ವಲ್ಪ ಹಿತವಾಗಿತ್ತು, ಅಷ್ಟೇ. ಒಂದೂವರೆ ನಿಮಿಷದ ಪ್ರಯೋಗವನ್ನು ಇಡೀ ವರ್ಷಕ್ಕೆ ಹಾಗ್ಹಾಗೇ ಹಚ್ಚುವುದು ಸರಿಯಲ್ಲ, ಗೊತ್ತು. ಆದರೂ ನೆನಪು ಕೊನೆಯದಕ್ಕೆ ಎಷ್ಟು ಒಲಿಯುತ್ತದೆ ಅನ್ನುವುದು ತಲೆಯಲ್ಲಿರಲಿ. ನಿನ್ನ ಕೊನೆಯ ಮೂವತ್ತು ಸೆಕೆಂಡು ಈ ಸಲ ತಣ್ಣಗಾಗಿತ್ತು.

ಇನ್ನೊಂದು ಸಾಲು ನನಗೆ ಚುಚ್ಚಿತು: 'ಪ್ರಾಜೆಕ್ಟ್ ಮುಚ್ಚುತ್ತಾರೆ ಅಂತ ಜೂನ್‌ನಲ್ಲೇ ನನಗೆ ಗೊತ್ತಾಗಬೇಕಿತ್ತು.' ಹೇಗೆ ಗೊತ್ತಾಗಬೇಕಿತ್ತು, ಹೇಳು? ಜೂನ್‌ನಲ್ಲಿ ನೀನು ಫೋನು ಮಾಡಿ ಆ ಪ್ರಾಜೆಕ್ಟಿನ ಬಗ್ಗೆ ಅಪ್ಪನಿಗೆ ಹುರುಪಿನಿಂದ ವಿವರಿಸಿದ್ದು ನನಗೆ ನೆನಪಿದೆ. ಅವರಿಗೆ ಅರ್ಧ ಅರ್ಥವಾಗಲಿಲ್ಲ, ಆದರೂ ಹೂಂಗುಟ್ಟಿದರು. ಆದದ್ದು ಆದಮೇಲೆ ಮೊದಲೇ ತಿಳಿದಿತ್ತು ಅನ್ನಿಸುವುದು ಮನಸ್ಸಿನ ಹಳೇ ಚಾಳಿ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋಗುವ ಮುಂಚೆ, ಏನೇನು ಆಗಬಹುದು, ಎಷ್ಟರಮಟ್ಟಿಗೆ ಸಾಧ್ಯ ಅಂತ ಬರೂಕ್ ಫಿಶ್‌ಹಾಫ್ ಮತ್ತು ರೂತ್ ಬೇತ್ ಅನ್ನುವ ಸಂಶೋಧಕರು ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಪ್ರವಾಸ ಮುಗಿದ ಮೇಲೆ, ಆಗ ನೀವು ಎಷ್ಟು ಅಂತ ಬರೆದಿದ್ದಿರಿ ಅಂತ ಕೇಳಿದರು. ನಿಜವಾಗಿ ನಡೆದ ಸಂಗತಿಗಳಿಗೆ ತಾವು ಮೊದಲೇ ಹೆಚ್ಚು ಸಾಧ್ಯತೆ ಕೊಟ್ಟಿದ್ದೆವು ಅಂತಲೇ ಹೆಚ್ಚಿನವರ ನೆನಪು. ಬರೆದಿಟ್ಟ ಹಾಳೆ ಬೇರೆಯೇ ಹೇಳುತ್ತಿತ್ತು. ಡಿಸೆಂಬರ್‌ನ ಬುದ್ಧಿ ಇಟ್ಟುಕೊಂಡು ಜೂನ್‌ನ ಹುಡುಗಿಯನ್ನು ಬೈಯುತ್ತಿದ್ದೀಯಲ್ಲ, ಅವಳ ಕೈಯಲ್ಲಿ ಆಗ ಇದ್ದದ್ದು ಜೂನ್‌ನ ಮಾಹಿತಿ ಮಾತ್ರ.

ಅದಕ್ಕೇ ವೋಚರ್ ಕೇಳಿದ್ದು. ನೆನಪನ್ನು ಬಿಡು, ದಾಖಲೆ ತೆಗೆ. ನಿನ್ನ ಕ್ಯಾಲೆಂಡರನ್ನು ಜನವರಿಯಿಂದ ಒಂದೊಂದೇ ವಾರ ನೋಡುತ್ತಾ ಬಾ. ಮೇಲ್‌ನಲ್ಲಿ ಬಂದವುಗಳನ್ನಲ್ಲ, ನೀನು ಕಳಿಸಿದವುಗಳನ್ನು ತೆರೆ. ವರ್ಷದ ಆರಂಭದಲ್ಲಿ ಮೇಲಿನವರಿಗೆ ಮೇಲ್ ಬರೆಯುವಾಗ ನಿನ್ನ ಭಾಷೆ ಹೇಗಿತ್ತು, ಈಗ ಹೇಗಿದೆ, ಪಕ್ಕಪಕ್ಕ ಇಟ್ಟು ಓದು. ಫೋನಿನ ಫೋಟೋಗಳನ್ನೂ ನೋಡು.

ನನ್ನ ಕಡೆಯಿಂದಲೂ ಒಂದಿಷ್ಟು ದಾಖಲೆ ಕೊಡುತ್ತೇನೆ. ಬೇಸಿಗೆಯಲ್ಲಿ ನೀನು ದೊಡ್ಡ ಮೀಟಿಂಗಿನಲ್ಲಿ ಮಾತಾಡಬೇಕು ಅಂತ ಹಿಂದಿನ ರಾತ್ರಿ ಫೋನಿನಲ್ಲಿ ಅತ್ತಿದ್ದೆ. ಮಳೆಗಾಲದ ಹೊತ್ತಿಗೆ ಅಂಥದೇ ಮೀಟಿಂಗು ಮುಗಿಸಿ, ಅದರ ಸುದ್ದಿಯನ್ನೇ ಎತ್ತದೆ, ಬಟ್ಟೆ ಒಗೆಯುವ ಮೆಷಿನ್ ಕೆಟ್ಟ ವಿಷಯ ಅರ್ಧ ಗಂಟೆ ಹೇಳಿದೆ. ಭಯ ಹೋದದ್ದು ನಿನ್ನ ಗಮನಕ್ಕೂ ಬಂದಿಲ್ಲ, ಹಾಗಾಗಿ ಪಟ್ಟಿಯಲ್ಲೂ ಇಲ್ಲ. ಹೊಸದಾಗಿ ಸೇರಿದ ಹುಡುಗಿಗೆ ಸಂಜೆ ಕೂತು ಕೆಲಸ ಕಲಿಸುತ್ತಿದ್ದೆಯಲ್ಲ, ಅದೂ ಇಲ್ಲ. ತಪ್ಪು ನಿನ್ನದಲ್ಲದಿದ್ದಾಗ ಮೊದಲ ಬಾರಿಗೆ 'ಇದು ನನ್ನದಲ್ಲ' ಅಂತ ಮೆಲುದನಿಯಲ್ಲೇ ಆದರೂ ಹೇಳಿ ಬಂದೆ. ಆ ದಿನ ಅಪ್ಪ ನಿನಗಿಂತ ಹೆಚ್ಚು ಬೀಗಿದರು. ಅಪ್ರೈಸಲ್ ಫಾರಂನಲ್ಲಿ ಇವಕ್ಕೆಲ್ಲ ಕಾಲಂ ಇರುವುದಿಲ್ಲ. ಆ ಫಾರಂ ಕಂಪನಿಗೆ ಬೇಕಾದದ್ದನ್ನು ಅಳೆಯಲು ಮಾಡಿದ್ದು, ಅದರ ಮೇಲೆ ನನಗೆ ತಕರಾರಿಲ್ಲ. ತಕರಾರು ಇರುವುದು ಮನೆಗೆ ಬಂದು ನೀನೂ ಅದೇ ಫಾರಂ ತುಂಬಿಕೊಂಡು ಕೂತದ್ದಕ್ಕೆ. 'ವೈಯಕ್ತಿಕ ಬೆಳವಣಿಗೆ: ನಿರೀಕ್ಷೆಗಿಂತ ಕಡಿಮೆ' ಅಂತ ಬರೆದಿದ್ದೀಯಲ್ಲೇ! ಯಾರ ನಿರೀಕ್ಷೆ?

ಇನ್ನು, 'ನನಗೇನೂ ಬರುವುದಿಲ್ಲ ಅಂತ ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ' ಅನ್ನುವ ಭಯ. ಪಾಲಿನ್ ಕ್ಲಾನ್ಸ್ ಮತ್ತು ಸುಝೇನ್ ಐಮ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಅವರು ಮಾತಾಡಿಸಿದ್ದು ಓದಿನಲ್ಲಿ, ಉದ್ಯೋಗದಲ್ಲಿ ಮೇಲೆ ಬಂದ ಹೆಂಗಸರನ್ನೇ. ಪದವಿ, ಪ್ರಶಸ್ತಿ, ಹೊಗಳಿಕೆ ಎಲ್ಲ ಇದ್ದೂ ತಾವು ಜನರ ಕಣ್ಣಿಗೆ ಮಣ್ಣೆರಚುತ್ತಿದ್ದೇವೆ ಅಂತಲೇ ಅವರು ನಂಬಿದ್ದರು. ಇದನ್ನು ಓದಿದ ಮಾತ್ರಕ್ಕೆ ನಿನ್ನ ಭಯ ಹೋಗುವುದಿಲ್ಲ. ಆದರೆ ಕೆಲಸ ಬಾರದವರಿಗೆ ಮಾತ್ರ ಬರುವ ಭಯ ಇದಲ್ಲ ಅಂತ ತಿಳಿದಿರಲಿ.

ಗೆಳತಿಯರ ವಿಷಯದಲ್ಲಿ ನಾನು ನಿನ್ನ ಪರ ವಾದಿಸುವುದಿಲ್ಲ. ಅಲ್ಲಿ ನೀನು ಬರೆದದ್ದು ನಿಜ. ಕಾಲೇಜಿನಲ್ಲಿ ಒಂದೇ ರೂಮಿನಲ್ಲಿದ್ದವಳ ತಾಯಿಗೆ ಆಪರೇಷನ್ ಆದಾಗ ಒಂದು ಮೆಸೇಜು ಕಳಿಸಿ ಸುಮ್ಮನಾದೆ. ಬಿಡುವಿರಲಿಲ್ಲ ಅನ್ನುತ್ತೀಯ. ಇರಲಿಲ್ಲ, ಒಪ್ಪಿದೆ. ಆದರೆ ನಿನ್ನ ಪಟ್ಟಿಯಲ್ಲಿ ಬಡ್ತಿಗೆ ಅರ್ಧ ಪುಟ, ಇವಳಿಗೆ ಅರ್ಧ ಸಾಲು. ಬಡ್ತಿ ನಿನ್ನ ಕೈಯಲ್ಲಿಲ್ಲ, ಅವಳಿಗೆ ಫೋನು ಮಾಡುವುದು ಇದೆ. ವರ್ಷ ತಿರುಗುವವರೆಗೂ ಕಾಯಬೇಡ.

ಉಳಿದವುಗಳಲ್ಲಿ ಕೆಲವಕ್ಕೆ ಈಗಲೇ ಹೆಸರು ಕೊಡಬೇಡ. ನಮ್ಮ ಲೆಕ್ಕದಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಒಂದಿತ್ತು. ಯಾವ ಶೀರ್ಷಿಕೆಗೆ ಸೇರುತ್ತದೆ ಅಂತ ಗೊತ್ತಾಗದ ಮೊತ್ತವನ್ನು ಪೂರ್ತಿ ವಿವರ ಸಿಗುವವರೆಗೂ ಅಲ್ಲಿ ಇಡುತ್ತಿದ್ದೆವು. ಪುಸ್ತಕ ಮುಚ್ಚುವ ಅವಸರಕ್ಕೆ ಅದನ್ನು ನಷ್ಟಕ್ಕೆ ಬರೆದರೆ ಸುಳ್ಳು ಲೆಕ್ಕವಾಗುತ್ತದೆ. ಮುಚ್ಚಿಹೋದ ನಿನ್ನ ಪ್ರಾಜೆಕ್ಟು ಸದ್ಯಕ್ಕೆ ಅಲ್ಲಿರಲಿ. ಅದರಲ್ಲಿ ಕಲಿತದ್ದು ಎಲ್ಲಿ ಉಪಯೋಗಕ್ಕೆ ಬರುತ್ತದೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅರ್ಧಕ್ಕೆ ನಿಂತ ಕೋರ್ಸು ಮಾತ್ರ ಅಲ್ಲಿ ಬೇಡ. ಅದು ನಿನಗೆ ಇಷ್ಟವಿರಲಿಲ್ಲ, ಯಾರೋ ಮಾಡಿದರು ಅಂತ ಸೇರಿದೆ. ನಷ್ಟ ಬರೆದು ಕೈ ತೊಳೆದುಕೋ.

ಈಗ ನನಗೆ ನಿಜವಾಗಿ ಚಿಂತೆಯಾದ ಸಾಲಿಗೆ ಬರುತ್ತೇನೆ. 'ಈಚೆಗೆ ಸೋಮಾರಿಯಾಗಿದ್ದೇನೆ. ಯಾವುದೂ ಬೇಡ ಅನ್ನಿಸುತ್ತದೆ. ಮಾಡಿದ್ದೂ ಸರಿಯಾಗಿ ಆಗುತ್ತಿಲ್ಲ.' ಪುಟ್ಟಿ, ನೀನು ಸೋಮಾರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್ ಅಂದರೆ ಏನು ಅಂತ ವಿವರಿಸುವಾಗ ಮೂರು ಗುರುತು ಹೇಳಿತು: ಶಕ್ತಿಯೆಲ್ಲ ಬತ್ತಿಹೋದ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿ, ಕೆಲಸದ ಕಸುವು ತಗ್ಗುವುದು. ಅದು ಕಾಯಿಲೆಯಲ್ಲ, ಹತೋಟಿಗೆ ಬಾರದೆ ಮುಂದುವರಿದ ಕೆಲಸದ ಒತ್ತಡದಿಂದ ಆಗುವಂಥದ್ದು ಅಂತಲೂ ಹೇಳಿತು. ನಿನ್ನ ಮೂರು ವಾಕ್ಯಕ್ಕೂ ಆ ಮೂರು ಗುರುತಿಗೂ ಎಷ್ಟು ಹತ್ತಿರ ಅಂತ ನೀನೇ ನೋಡು. ಇದೇ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಸೇರಿ 2021ರಲ್ಲಿ ಕೊಟ್ಟ ಲೆಕ್ಕ ಇನ್ನೂ ಗಂಭೀರ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು ಹೆಚ್ಚು. ಹೆದರಿಸಲು ಹೇಳುತ್ತಿಲ್ಲ. ಅಲ್ಲ, ಸ್ವಲ್ಪ ಹೆದರಿಸಲಿಕ್ಕೇ ಹೇಳುತ್ತಿದ್ದೇನೆ. ಕ್ಯಾಲೆಂಡರ್ ತೆರೆದಾಗ ನಿನ್ನ ವಾರ ಎಷ್ಟು ಗಂಟೆಯದು ಅಂತಲೂ ಕೂಡಿಸು. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ಉತ್ತರಿಸಿದ ಮೆಸೇಜುಗಳನ್ನೂ ಸೇರಿಸು. ಆ ಮೊತ್ತವನ್ನು ಮಾತ್ರ ನನಗೆ ಕಳಿಸಲೇಬೇಕು. ದಣಿವು ಇನ್ನೂ ಹೀಗೇ ಇದ್ದರೆ ವೈದ್ಯರನ್ನು ಕಾಣು, ನಿನ್ನ ಮ್ಯಾನೇಜರ್ ಹತ್ತಿರವೂ ಮಾತಾಡು.

ಮುಂದಿನ ವರ್ಷದ ಸಂಕಲ್ಪಗಳ ಪಟ್ಟಿ ಹನ್ನೊಂದಕ್ಕೆ ಮುಟ್ಟಿದೆ. ಬೆಳಿಗ್ಗೆ ಐದಕ್ಕೆ ಏಳುವುದೂ ಅದರಲ್ಲಿದೆ, ನಾನು ನಕ್ಕೆ, ಕ್ಷಮಿಸು. ಜನವರಿ ಒಂದಕ್ಕೆ ಸ್ವಲ್ಪ ಬಲ ಇದೆ ಅನ್ನುವುದು ಸುಳ್ಳಲ್ಲ. ವಾರ, ತಿಂಗಳು, ವರ್ಷ ಶುರುವಾದಾಗ, ಹುಟ್ಟಿದಹಬ್ಬ ಕಳೆದ ಮೇಲೆ ಜನ ಜಿಮ್‌ಗೆ ಹೆಚ್ಚು ಹೋಗುತ್ತಾರೆ ಅಂತ 2014ರ ಒಂದು ಅಧ್ಯಯನ ತೋರಿಸಿದೆ. ಅಂದರೆ ಆ ಬಲ ಸೋಮವಾರಕ್ಕೂ ಇದೆ. ಇಂಗ್ಲೆಂಡಿನಲ್ಲಿ 18ನೇ ಶತಮಾನದ ನಡುವಿನವರೆಗೆ ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1752ರಿಂದ ಅದು ಜನವರಿ 1ಕ್ಕೆ ಬಂತು. ಅಂದರೆ ಆ ತಾರೀಕು ಜನ ಗೊತ್ತುಮಾಡಿಕೊಂಡದ್ದು, ಅಷ್ಟೇ. ಅದಕ್ಕೇ ಹನ್ನೊಂದನ್ನೂ ಒಂದೇ ದಿನದ ತಲೆಗೆ ಕಟ್ಟಬೇಡ. ಒಂದನ್ನು ಹಿಡಿ. ನನ್ನನ್ನು ಕೇಳಿದರೆ, ರಾತ್ರಿ ಒಂಬತ್ತರ ಮೇಲೆ ಆಫೀಸಿನ ಫೋನು ಇನ್ನೊಂದು ಕೋಣೆಯಲ್ಲಿರಬೇಕು ಅನ್ನುವುದನ್ನು ಹಿಡಿಯುತ್ತಿದ್ದೆ. ನಿನ್ನ ಪಟ್ಟಿಯಲ್ಲಿ ಅದು ಒಂಬತ್ತನೆಯದು, ನನ್ನ ಲೆಕ್ಕದಲ್ಲಿ ಮೊದಲನೆಯದು.

ನೀನು ಬರೆದದ್ದನ್ನು ಹರಿದು ಹಾಕಬೇಡ, ಎತ್ತಿಡು. ಫೆಬ್ರವರಿಯಲ್ಲಿ ಒಂದು ಭಾನುವಾರ, ಚೆನ್ನಾಗಿ ನಿದ್ದೆ ಮಾಡಿ ಎದ್ದ ದಿನ, ದಾಖಲೆಗಳನ್ನು ಪಕ್ಕದಲ್ಲಿಟ್ಟುಕೊಂಡು ಇದೇ ವರ್ಷವನ್ನು ಇನ್ನೊಮ್ಮೆ ಬರೆ. ಆಗಲೂ ದಂಡ ಅಂತಲೇ ಬಂದರೆ ಸರಿ, ಒಪ್ಪುತ್ತೇನೆ. ನನಗೆ ತೋರಿಸದಿದ್ದರೂ ನಡೆಯುತ್ತದೆ.

ಅಪ್ಪ ಪಕ್ಕದಲ್ಲೇ ಕೂತು ಇಣುಕುತ್ತಿದ್ದಾರೆ. ರಜೆ ಮಂಜೂರಾಯಿತಾ, ಯಾವತ್ತು ಬರುತ್ತಾಳೆ ಅಂತ ಕೇಳಬೇಕಂತೆ. ಲ್ಯಾಪ್‌ಟಾಪ್ ಬಿಟ್ಟು ಬರಬೇಕು ಅನ್ನುವುದನ್ನು ನಾನು ಸೇರಿಸುತ್ತಿದ್ದೇನೆ.

ನಿನ್ನ
ಅಮ್ಮ