ಯಾರೂ ಕರೆಯದ ಜಾಗ

ಚಿತ್ರದುರ್ಗ

ಪ್ರೀತಿಯ ತಂಗಿ,

ನಿನ್ನ ಪತ್ರವನ್ನೂ ಎರಡು ಕಥೆಗಳನ್ನೂ ಓದಿದೆ. ಕಥೆಗಳ ಬಗ್ಗೆ ಇನ್ನೊಮ್ಮೆ ಬಿಡಿಸಿ ಬರೆಯುತ್ತೇನೆ. ಈಗ ನೀನು ಕೊನೆಯಲ್ಲಿ ಬರೆದ ಸಾಲಿಗೆ ಉತ್ತರ ಕೊಡಬೇಕು. "ಅಕ್ಕ, ಮನೆಯಲ್ಲಿ ಎರಡೇ ರೂಮು, ಟಿವಿ ಸದ್ದು ನಿಲ್ಲೋದೇ ಇಲ್ಲ, ಕೂತು ಓದೋಕೇ ಜಾಗ ಇಲ್ಲ, ಇನ್ನು ಬರೆಯೋದು ಎಲ್ಲಿಂದ ಬಂತು" ಅಂತ ಕೇಳಿದ್ದೀಯ. ಪಾತ್ರ ಹೇಗೆ ಕಟ್ಟಬೇಕು, ಕಥೆ ಹೇಗೆ ಮುಗಿಸಬೇಕು ಅಂತ ಕೇಳುವವರು ಜಾಸ್ತಿ. ಎಲ್ಲಿ ಕೂತು ಓದಲಿ ಅಂತ ನನ್ನನ್ನು ಕೇಳಿದವಳು ನೀನೇ ಮೊದಲು.

ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗಿರುವುದು ಹೇಳುತ್ತೇನೆ. ಓದಿಗೆ ಅಡ್ಡಿ ಸದ್ದು ಅಲ್ಲ, ಕರೆ. ಬೀದಿಯಲ್ಲಿ ಲಾರಿ ಎಷ್ಟು ಹಾರನ್ ಹೊಡೆದರೂ ಪುಟ ತಿರುಗುತ್ತಲೇ ಇರುತ್ತದೆ. "ಏ, ಹಾಲು ಉಕ್ಕುತ್ತೆ ನೋಡೇ" ಅಂದರೆ ಮುಗಿಯಿತು. ಕರೆ ಬರದಿದ್ದರೂ, ಈಗ ಬರುತ್ತೇನೋ ಅಂತ ಒಂದು ಕಿವಿ ಅಡುಗೆಮನೆ ಕಡೆ ಇಟ್ಟೇ ನಾವು ಹೆಣ್ಣುಮಕ್ಕಳು ಓದುತ್ತೇವೆ, ಅಲ್ವಾ? ಹಾಗೆ ಓದಿದ ಪುಸ್ತಕ ಅರ್ಧವೇ ಒಳಗೆ ಇಳಿಯುತ್ತದೆ. ಅದಕ್ಕೇ, ಸದ್ದಿಲ್ಲದ ಜಾಗ ಹುಡುಕಬೇಡ. ಯಾರೂ ನಿನ್ನನ್ನು ಕರೆಯದ ಜಾಗ ಹುಡುಕು.

ನನಗೆ ಓದಿನ ರುಚಿ ಹತ್ತಿದ್ದು ಶೇಂಗಾ ರಾಶಿಯ ಪಕ್ಕ. ನಮ್ಮದು ಚಳ್ಳಕೆರೆ ಕಡೆಯ ಹಳ್ಳಿ. ಮುಂಗಾರು ಬಿತ್ತನೆಗೆ ಮುಂಚೆ ಬೀಜದ ಶೇಂಗಾವನ್ನು ಕೈಯಲ್ಲೇ ಸುಲಿಯಬೇಕು. ಕಾಳಿನ ಮೇಲಿನ ಕೆಂಪು ಸಿಪ್ಪೆ ಹರಿದರೆ ಮೊಳಕೆ ಸರಿಯಾಗಿ ಬರೋದಿಲ್ಲ. ಅಮ್ಮ, ದೊಡ್ಡಮ್ಮ, ಓಣಿಯ ಏಳೆಂಟು ಹೆಂಗಸರು ಪಡಸಾಲೆಯಲ್ಲಿ ರಾಶಿ ಸುತ್ತ ಕೂರುತ್ತಿದ್ದರು. ಕಾಯಿಗೆ ಒಂಚೂರು ನೀರು ಚಿಮುಕಿಸಿ, ಹೆಬ್ಬೆರಳಲ್ಲಿ ಒತ್ತಿದರೆ ಟಪ್ ಅಂತ ಬಾಯಿ ಬಿಡುತ್ತದೆ. ಸಂಜೆ ಹೊತ್ತಿಗೆ ಬೆರಳ ತುದಿಯೆಲ್ಲ ಉರಿ. ಅಮ್ಮ ನನಗೆ ಬೇರೆ ಕೆಲಸ ಕೊಟ್ಟಿದ್ದಳು. ವಾರಪತ್ರಿಕೆಯ ಧಾರಾವಾಹಿಯನ್ನು ಎಲ್ಲರಿಗೂ ಕೇಳುವ ಹಾಗೆ ಓದುವುದು. ಆ ಹೊತ್ತಲ್ಲಿ ನನ್ನನ್ನು ಯಾರೂ ನೀರಿಗೂ ಕಳಿಸುತ್ತಿರಲಿಲ್ಲ, ಅಂಗಡಿಗೂ ಕಳಿಸುತ್ತಿರಲಿಲ್ಲ. ಓದುವುದೇ ನನ್ನ ಕೆಲಸ ಆಗಿತ್ತು.

ನಾನು ಓದುತ್ತಿದ್ದರೆ ಟಪ್ ಟಪ್ ಒಂದೇ ಸಮ ನಡೆಯುತ್ತಿತ್ತು. ಯಾವುದೋ ಒಂದು ಸಾಲಿಗೆ ಮಾತ್ರ ಗಕ್ಕನೆ ನಿಲ್ಲುತ್ತಿತ್ತು. ತಲೆ ಎತ್ತಿ ನೋಡಿದರೆ ಎಲ್ಲರ ಕೈಯಲ್ಲೂ ಒಂದೊಂದು ಕಾಯಿ, ಒತ್ತದೆ ಹಾಗೇ. ಅಳುವ ಸಾಲಿಗೆ ನಿಲ್ಲುತ್ತಿತ್ತು ಅಂದುಕೊಳ್ಳಬೇಡ. ಅತ್ತೆ ಸೊಸೆಗೆ ಬಡಿಸುವಾಗ ಸೌಟನ್ನು ಸಾರಿನ ತಳಕ್ಕೆ ಇಳಿಸಿದಳೋ, ಮೇಲಿನ ತಿಳಿಯಷ್ಟೇ ಹಾಕಿದಳೋ, ಅಂಥ ಸಾಲಿಗೆ. ಈಗಲೂ ಬರೆದದ್ದನ್ನು ಒಮ್ಮೆ ಜೋರಾಗಿ ಓದಿಕೊಂಡು, ಇಲ್ಲಿ ಅವರ ಕೈ ನಿಲ್ಲುತ್ತಿತ್ತಾ ಅಂತ ಕೇಳಿಕೊಳ್ಳುತ್ತೇನೆ. ನಿನ್ನ ಎರಡನೇ ಕಥೆಯಲ್ಲಿ ಅಜ್ಜಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬ್ಯಾಂಕಿನ ಒಳಗೆ ಹೋಗುತ್ತಾಳಲ್ಲ, ಅಲ್ಲಿ ಖಂಡಿತ ನಿಲ್ಲುತ್ತಿತ್ತು.

ಸರಿ, ನಿನ್ನ ದಾವಣಗೆರೆಗೆ ಬರೋಣ.

ಮೊದಲು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗು. ಸೋಮವಾರ ರಜೆ, ನೆನಪಿರಲಿ. ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವವರು ಬೆಳಗ್ಗೆಯೇ ಬಂದು ಜಾಗ ಹಿಡಿದಿರುತ್ತಾರೆ. ಅವರ ಮಧ್ಯೆಯೇ ಕೂರು. ಅವರಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ. ತಲೆ ಎತ್ತಿ ಯಾರನ್ನೂ ಮಾತಾಡಿಸುವುದಿಲ್ಲ. ಕಥೆ ಪುಸ್ತಕ ಹಿಡಿದು ಬಂದಿದ್ದೀನಲ್ಲ ಅಂತ ಸಂಕೋಚ ಬೇಡ. 1965ರ ಗ್ರಂಥಾಲಯ ಕಾಯ್ದೆ ಬಂದ ಮೇಲೆ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವೂ ಸೇರಿದೆ. ಕಂದಾಯ ನೂರು ರೂಪಾಯಿ ಆದರೆ ಅದರ ಮೇಲೆ 6 ರೂಪಾಯಿ. ನಿಮ್ಮ ಮನೆಯವರೂ ಆ ಕುರ್ಚಿಗೆ ದುಡ್ಡು ಕಟ್ಟಿದ್ದಾರೆ.

ಕುಂದವಾಡ ಕೆರೆ ಏರಿ ಚೆನ್ನಾಗಿದೆ. ಆದರೆ ಹುಡುಗಿ ಒಬ್ಬಳೇ ಪುಸ್ತಕ ಹಿಡಿದು ಕೂತರೆ "ಯಾವ ಕಾಲೇಜು?" ಅಂತ ಕೇಳುವವರು ಬಂದೇ ಬರುತ್ತಾರೆ. ಅದೂ ಒಂದು ಕರೆಯೇ. ಬೆಳಗ್ಗೆ ಹೋಗು. ವಾಕಿಂಗ್ ಮುಗಿಸಿ ಸುಧಾರಿಸಿಕೊಳ್ಳುವ ಅಮ್ಮಂದಿರ ಪಕ್ಕದಲ್ಲಿ ಜಾಗ ಹಿಡಿ. ಎರಡು ವಾರ ಅದೇ ಹೊತ್ತಿಗೆ, ಅದೇ ಜಾಗಕ್ಕೆ ಹೋದರೆ ಅವರೇ ನಿನ್ನ ಜಾಗ ಕಾಯುತ್ತಾರೆ. ಜಾಗ ರೂಢಿ ಆಗಬೇಕು. ನಿನಗೂ ಆಗಬೇಕು, ಅಲ್ಲಿ ಬರುವವರಿಗೂ ಆಗಬೇಕು.

ರಜೆ ದಿನ ಹರಿಹರಕ್ಕೆ ಹೋಗು, ಪಕ್ಕದಲ್ಲೇ ಇದೆಯಲ್ಲ. ಹೊಯ್ಸಳರ ದಂಡನಾಯಕ ಪೋಲಾಳ್ವ ಸುಮಾರು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯ ಮಂಟಪಕ್ಕೆ ಸುತ್ತ ಗಿಡ್ಡ ಗೋಡೆ. ಎತ್ತರ ಒಂದು ಮೀಟರ್ ಇದ್ದರೆ ಹೆಚ್ಚು. ಗಾಳಿ, ಬೆಳಕು ಎರಡೂ ಸಲೀಸಾಗಿ ಒಳಗೆ ಬರುತ್ತವೆ. ಕಂಬಕ್ಕೆ ಒರಗಿದರೆ ಬೇಸಿಗೆಯಲ್ಲೂ ಬೆನ್ನಿಗೆ ತಂಪು. ಗುಡಿಯಲ್ಲಿ ಸುಮ್ನೆ ಕೂತ ಹೆಂಗಸನ್ನು ನಮ್ಮ ಕಡೆ ಯಾರೂ ಯಾಕೆ ಕೂತೆ ಅಂತ ಕೇಳುವುದಿಲ್ಲ. ನನ್ನ ಕಾಲದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ಗುಟ್ಟು ಇದು.

ಫೋನ್ ಬಗ್ಗೆ ಉದ್ದ ಬರೆಯೋದಿಲ್ಲ. ಕರೆಯುವುದೇ ಅದರ ಕೆಲಸ. ಬಿಟ್ಟು ಹೋಗೋಕೆ ಆಗದಿದ್ದರೆ ಚೀಲದ ತಳಕ್ಕೆ ಹಾಕು.

ಜಾಗ ಸಿಕ್ಕ ಮೇಲೆ ಒಂದು ಮಾತು. ಪುಸ್ತಕದಿಂದ ತಲೆ ಎತ್ತುವುದು ಓದು ಕೆಟ್ಟ ಹಾಗಲ್ಲ. ಒಳ್ಳೆಯ ಪುಸ್ತಕ ನಮ್ಮ ತಲೆಯನ್ನು ಎತ್ತಿಸುತ್ತದೆ. ಆಗ ಕಣ್ಣೆದುರು ಏನಿದೆ ಅನ್ನುವುದು ಬರೆಯುವವರಿಗೆ ಮುಖ್ಯ. ನಮ್ಮ ಚಿತ್ರದುರ್ಗದ ಕೋಟೆಯಲ್ಲಿ ಅಕ್ಕ ತಂಗಿ ಹೊಂಡದ ಹತ್ತಿರ ನಾನು ಕೂರುವ ಒಂದು ಕಲ್ಲಿದೆ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಇಲ್ಲಿಗೆ ಬರುತ್ತದೆ. ಇಲ್ಲಿಂದ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಪೇಟೆಯ ಸಂತೆಹೊಂಡಕ್ಕೆ. ಎಷ್ಟೋ ಸಲ ಕಥೆ ಎಲ್ಲಿಗೆ ಹರಿಯಬೇಕು ಅಂತ ತೋಚದೆ ಕೂತಾಗ, ಆ ನೀರನ್ನು ನೋಡುತ್ತಾ ಕೂತದ್ದೇ ದಾರಿ ತೋರಿಸಿದೆ. ಅಲ್ಲಿಗೆ ತಿಂಡಿ ಮಾತ್ರ ತರಬೇಡ, ಕೋತಿಗಳು ಬಿಡೋದಿಲ್ಲ.

ಇಲ್ಲೇ ಊರ ಪಕ್ಕದ ಚಂದ್ರವಳ್ಳಿ ಕೆರೆಯ ಹತ್ತಿರ ಒಂದು ಬಂಡೆ ಮೇಲೆ ಕದಂಬ ಮಯೂರಶರ್ಮನ ಶಾಸನ ಇದೆ. ನಾಲ್ಕನೇ ಶತಮಾನದ್ದು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಮೂರೇ ಸಾಲು. ಪಲ್ಲವರು, ಅಭೀರರು, ಪುನ್ನಾಟದವರು ಅಂತ ಅವನು ಗೆದ್ದವರ ಹೆಸರೆಲ್ಲ ಅದರಲ್ಲಿವೆ. ಆದರೆ ಅವರೆಲ್ಲರಿಗಿಂತ ಮೊದಲು ಬರುವುದು ಕೆರೆ ಕಟ್ಟಿಸಿದ ಮಾತು. ಅಷ್ಟು ದೊಡ್ಡ ರಾಜ್ಯ, ಅಷ್ಟು ಯುದ್ಧ, ಆದರೂ ಮೊದಲು ಎದುರಿಗಿದ್ದ ನೀರು. ಅಲ್ಲಿ ಕೂತು ಓದುವಾಗೆಲ್ಲ ನನಗೆ ಇದು ನೆನಪಾಗುತ್ತದೆ. ನಿನ್ನ ಮೊದಲ ಕಥೆಯಲ್ಲಿ ನೀನು ನೋಡದ ಮುಂಬೈ ಇದೆ. ನಿಮ್ಮೂರಿನ ಮಂಡಕ್ಕಿ ಭಟ್ಟಿಯ ಹೊಗೆ ಒಂದು ಸಾಲಿನಲ್ಲೂ ಇಲ್ಲ.

ಈ ಭಾನುವಾರ ಬಿಡುವಿದ್ದರೆ ಇಲ್ಲಿಗೆ ಬಾ. ಅರವತ್ತು ಕಿಲೋಮೀಟರ್ ದಾರಿ, ಏಳು ಗಂಟೆ ಒಳಗೆ ಬಸ್ ಹತ್ತಿದರೆ ಬಿಸಿಲೇರುವ ಮೊದಲು ಚಂದ್ರವಳ್ಳಿಯಲ್ಲಿ ಇರುತ್ತೇವೆ. ರೊಟ್ಟಿ, ಶೇಂಗಾ ಚಟ್ನಿ ನಾನು ಕಟ್ಟಿಕೊಂಡು ಬರುತ್ತೇನೆ. ನೀನು ಪುಸ್ತಕ ತಾ. ನೀನೊಂದು ಬಂಡೆ, ನಾನೊಂದು ಬಂಡೆ. ಹಸಿವಾಗುವ ತನಕ ನಿನ್ನನ್ನು ಕರೆಯೋದಿಲ್ಲ.

ನಿನ್ನ
ಅಕ್ಕ